ಇಂಗ್ಲೆಂಡಿನಲ್ಲಿ ಹಿರಿಯರಿಗೆ ನೇರ ಗೆರೆ ಸೊಟ್ಟಗೆ ಕಂಡರೆ ಮೊದಲು ಎಲ್ಲಿಗೆ ಹೋಗಬೇಕು?

ಅಂಕೋಲೆಯಿಂದ ಬಂದು ಇಲ್ಲಿಯೇ ನೆಲೆಸಿರುವ ನಮ್ಮ ಅತ್ತೆ, ಅಡುಗೆಮನೆಯ ಕ್ಯಾಲೆಂಡರಿನ ಗೆರೆಗಳು ಬಲಗಣ್ಣಿಗೆ ನಡುವೆ ಬಾಗಿದಂತೆ ಕಾಣುತ್ತವೆ ಎಂದವರೇ, ‘ಪೊರೆ ಬಂದಿರ್ಬೇಕು, ಬಲೀಲಿ’ ಎಂದು ಸುಮ್ಮನಾಗಿಬಿಟ್ಟರು. ಪೊರೆಗಾದರೆ ಕಾಯಬಹುದು. ಆದರೆ ನೇರ ಗೆರೆ ಇದ್ದಕ್ಕಿದ್ದಂತೆ ಸೊಟ್ಟಗೆ ಕಾಣುವುದು, ವಯಸ್ಸಿನಿಂದ ಬರುವ ಮ್ಯಾಕುಲಾ ಸವೆತದ ‘ವೆಟ್’ ಬಗೆಯ ಲಕ್ಷಣವಾಗಿರಬಹುದು. ಅದರಲ್ಲಿ ಕಣ್ಣಿನ ಹಿಂಬದಿಯ ಅಕ್ಷಿಪಟಲದ (ರೆಟಿನಾ) ನಟ್ಟನಡುವೆ, ಮ್ಯಾಕುಲಾ ಎಂಬ ಭಾಗದಲ್ಲಿ, ಬೇಡದ ರಕ್ತನಾಳಗಳು ಬೆಳೆದು, ಅವುಗಳಿಂದ ದ್ರವವೂ ರಕ್ತವೂ ಸೋರುತ್ತದೆ. ಅಲ್ಲಿ ಕಲೆ ಕಟ್ಟಿದ ಮೇಲೆ ಹೋದ ದೃಷ್ಟಿಯನ್ನು ಮರಳಿ ಪಡೆಯುವುದು ಬಹಳ ಕಷ್ಟ.

ಊರಿನಲ್ಲಿ ನಾವು ನೇರವಾಗಿ ಕಣ್ಣಿನ ಡಾಕ್ಟರ ಬಳಿಗೆ ಹೋಗುತ್ತೇವೆ. ಇಲ್ಲಿ ಸಾಮಾನ್ಯವಾಗಿ ಮೊದಲ ಬಾಗಿಲು ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೂರುವ, ಕಣ್ಣು ಪರೀಕ್ಷಿಸುವ ಆಪ್ಟೋಮೆಟ್ರಿಸ್ಟ್. ಅಂದೇ ಫೋನ್ ಮಾಡಿ, ‘ಒಂದು ಕಣ್ಣಿಗೆ ಗೆರೆಗಳು ಹೊಸದಾಗಿ ಬಾಗಿ ಕಾಣುತ್ತಿವೆ’ ಎಂದು ಸ್ಪಷ್ಟವಾಗಿ ಹೇಳಿರಿ. 60 ದಾಟಿದವರಿಗೆ ಎನ್‌ಎಚ್‌ಎಸ್ (ಇಲ್ಲಿನ ಸರಕಾರಿ ಆರೋಗ್ಯ ಸೇವೆ) ದೃಷ್ಟಿಪರೀಕ್ಷೆ ಉಚಿತ. ಚಿಕಿತ್ಸೆ ಹೇಗಿರಬೇಕೆಂದು ಇಲ್ಲಿ ಸೂಚಿಸುವ ನೈಸ್ (NICE) ಸಂಸ್ಥೆಯ 2018ರ ಮಾರ್ಗಸೂಚಿಯಂತೆ ಇಂಥ ಅನುಮಾನ ಬಂದರೆ ಒಂದು ಕೆಲಸದ ದಿನದೊಳಗೆ ಆಸ್ಪತ್ರೆಯ ಮ್ಯಾಕುಲಾ ವಿಭಾಗಕ್ಕೆ ಕಳುಹಿಸಬೇಕು, ಚಿಕಿತ್ಸೆ ಬೇಕಾದವರಿಗೆ ಹಾಗೆ ಕಳುಹಿಸಿದ 14 ದಿನಗಳೊಳಗೆ ಅದು ಆರಂಭವಾಗಬೇಕು. ಆದ್ದರಿಂದ ಕರೆ ಬರದಿದ್ದರೆ ಸಂಕೋಚಪಡದೆ ನೀವೇ ಕೇಳಿರಿ.

ಆಸ್ಪತ್ರೆಯಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ, ಕೆಲವು ಗಂಟೆ ಮಸುಕಾಗಿರುವುದರಿಂದ ಜೊತೆಗೊಬ್ಬರು ಇರಲಿ. ಓಸಿಟಿ ಸ್ಕ್ಯಾನಿನಲ್ಲಿ ಗಲ್ಲವನ್ನು ಆನಿಸಿ ದೀಪ ನೋಡಿದರೆ ಸಾಕು, ಅಕ್ಷಿಪಟಲದ ಪದರಗಳು ಅಡ್ಡ ಕೊಯ್ದಂತೆ ತೆರೆಯ ಮೇಲೆ ಮೂಡಿ, ದ್ರವ ನಿಂತ ಜಾಗ ಕಪ್ಪಾಗಿ ಕಾಣುತ್ತದೆ. ಸೋರಿಕೆ ಎಲ್ಲಿಂದ ಎಂದು ತಿಳಿಯಲು ಕೆಲವೊಮ್ಮೆ ತೋಳಿನ ರಕ್ತನಾಳಕ್ಕೆ ಫ್ಲೋರೆಸಿನ್ ಬಣ್ಣ ಕೊಟ್ಟು ಕಣ್ಣಿನ ಚಿತ್ರ ತೆಗೆಯುತ್ತಾರೆ. ಮರುದಿನದವರೆಗೆ ಮೂತ್ರ ಹಳದಿಯಾಗಿದ್ದರೆ ಗಾಬರಿ ಬೇಡ, ಆದರೆ ಅಲರ್ಜಿ ಇದ್ದರೆ ಮೊದಲೇ ತಿಳಿಸಿರಿ.

ಚಿಕಿತ್ಸೆಯೆಂದರೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್. ಅದರಲ್ಲಿ ಬಳಸುವ ರಾನಿಬಿಜುಮ್ಯಾಬ್, ಅಫ್ಲಿಬರ್‌ಸೆಪ್ಟ್, ಫಾರಿಸಿಮ್ಯಾಬ್ ಮುಂತಾದ ಔಷಧಿಗಳು ನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುತ್ತವೆ. ‘ಕಣ್ಣಿಗೇ ಸೂಜಿಯೆ?’ ಎಂದು ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. ಮರಗಟ್ಟಿಸುವ ಹನಿ ಹಾಕಿ, ಅಯೋಡಿನ್‌ನಿಂದ ಶುಚಿ ಮಾಡಿದ ಮೇಲೆ ಸೂಜಿಯ ಕೆಲಸ ಕೆಲವೇ ಕ್ಷಣಗಳದು. ಆರಂಭದಲ್ಲಿ ತಿಂಗಳಿಗೊಮ್ಮೆ, ಬಳಿಕ ಸ್ಕ್ಯಾನ್ ನೋಡುತ್ತ ಅಂತರ ಹೆಚ್ಚಿಸುತ್ತಾರೆ. ದೃಷ್ಟಿ ಹೆಚ್ಚಲಿಲ್ಲವೆಂದು ನಡುವೆ ಬಿಡಬೇಡಿ, ಇರುವುದನ್ನು ಉಳಿಸಿಕೊಳ್ಳುವುದೂ ಇದರ ಉದ್ದೇಶವೇ. ಚುಚ್ಚಿದ ಬಳಿಕ ನೋವು, ಕೆಂಪು ಹೆಚ್ಚಿದರೆ ಅಥವಾ ದೃಷ್ಟಿ ಕುಂದಿದರೆ ಅಂದೇ ಆಸ್ಪತ್ರೆಗೆ ತಿಳಿಸಬೇಕು.

ವಿಸಿಟರ್ ವೀಸಾದಲ್ಲಿ ಬಂದ ಹೆತ್ತವರಿಗೆ ಆಸ್ಪತ್ರೆಯ ಚಿಕಿತ್ಸೆಗೆ ಸಾಮಾನ್ಯವಾಗಿ ಎನ್‌ಎಚ್‌ಎಸ್ ದರದ ಶೇ. 150ರಷ್ಟು ಬಿಲ್ ಬರುತ್ತದೆ, ವಿಮೆಯನ್ನು ಹೊರಡುವ ಮೊದಲೇ ನೋಡಿಕೊಳ್ಳಿ. ಇಲ್ಲಿ ನೆಲೆಸಿದವರು ಚೌತಿಗೆಂದು ಎರಡು ತಿಂಗಳು ಊರಿಗೆ ಹೋಗುವುದಾದರೆ, ಔಷಧಿಯ ಹೆಸರು, ಕೊನೆಯ ಇಂಜೆಕ್ಷನ್ನಿನ ದಿನಾಂಕ ಮತ್ತು ಸ್ಕ್ಯಾನಿನ ಪ್ರತಿಯನ್ನು ಕೇಳಿ ಪಡೆದು, ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ರೆಟಿನಾ ತಜ್ಞರ ಬಳಿ ಮುಂದಿನ ದಿನವನ್ನು ಮೊದಲೇ ಗೊತ್ತುಮಾಡಿಕೊಂಡು ವಿಮಾನ ಹತ್ತಿರಿ.