ಲಾಕ್‌ನನ್ನು ನಾನು ಓದಿಸುವ ರೀತಿ

ತತ್ತ್ವಶಾಸ್ತ್ರದ ತರಗತಿಯಲ್ಲಿ ಹದಿನೇಳನೇ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ ಬಂದಾಗ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. 'ಸರ್, ಹುಟ್ಟುವಾಗ ಮನಸ್ಸಿನಲ್ಲಿ ಯಾವ ನೀತಿಯೂ ಇರಲ್ಲ ಅಂತಾನೆ. ಆಮೇಲೆ ಯಾವ ರಾಜ್ಯವೂ ಮಾಡದ, ಆದರೂ ಎಲ್ಲರಿಗೂ ಅನ್ವಯಿಸುವ ನೈಸರ್ಗಿಕ ಕಾನೂನು ಇದೆ ಅಂತಲೂ ಹೇಳ್ತಾನೆ. ಎರಡೂ ಹೇಗೆ ಸರಿ?' ಕೇಳುವುದು ನ್ಯಾಯವೇ. ಮೊದಲ ಮಾತು ಮಾನವ ತಿಳಿವಳಿಕೆಯ ಬಗ್ಗೆ ಬರೆದ ಪ್ರಬಂಧದ್ದು, ಎರಡನೆಯದು ಸರ್ಕಾರದ ಬಗ್ಗೆ ಬರೆದ ಪುಸ್ತಕದ್ದು. ಎರಡೂ 1689ರಲ್ಲೇ ಹೊರಬಂದವು. ಸರ್ಕಾರದ ಪುಸ್ತಕದ ಮೇಲೆ ಮಾತ್ರ ಅವನು ಹೆಸರು ಹಾಕಿರಲಿಲ್ಲ.

ನಾನು ಇದಕ್ಕೆ ನೇರವಾಗಿ ಉತ್ತರ ಕೊಡುವುದಿಲ್ಲ. ಬೋರ್ಡಿನ ಮೇಲೆ ಮೂರು ಪ್ರಶ್ನೆ ಬರೆಯುತ್ತೇನೆ. ನಿಯಮ ನಮಗೆ ಗೊತ್ತಾಗುವುದು ಹೇಗೆ? ಅದನ್ನು ಮಾಡಿದವರು ಯಾರು? ಪಾಲಿಸದಿದ್ದರೆ ಏನಾಗುತ್ತದೆ? ಯಾವ ಪುಟ ತೆರೆದರೂ ಈ ಮೂರನ್ನೇ ಹುಡುಕಬೇಕು.

ಶುರು ಮಾಡುವುದು ಪ್ರಬಂಧದ ಮೊದಲ ಭಾಗದ ಮೂರನೇ ಅಧ್ಯಾಯದಿಂದ. ಅಲ್ಲಿನ ಒಂದು ಪುಟ್ಟ ಪ್ಯಾರಾ ನನಗೆ ಬಹಳ ಇಷ್ಟ. ಕೊಟ್ಟ ಮಾತನ್ನು ಯಾಕೆ ಉಳಿಸಿಕೊಳ್ಳಬೇಕು? ಕ್ರೈಸ್ತನನ್ನು ಕೇಳಿದರೆ, ನಮ್ಮ ಪರಲೋಕವನ್ನೇ ಕೈಯಲ್ಲಿಟ್ಟುಕೊಂಡ ದೇವರು ಹಾಗೆ ಹೇಳಿದ್ದಾನೆ ಎನ್ನುತ್ತಾನೆ. ಬಲವಾದ ಪ್ರಭುತ್ವ ಬೇಕೇ ಬೇಕು ಅಂದ ಇಂಗ್ಲಿಷ್ ಚಿಂತಕ ಹಾಬ್ಸ್‌ನ ಶಿಷ್ಯ, ಸಮಾಜ ಅದನ್ನು ಕೇಳುತ್ತದೆ, ತಪ್ಪಿದರೆ ಪ್ರಭುತ್ವ ಬಿಡುವುದಿಲ್ಲ ಎನ್ನುತ್ತಾನೆ. ಹಳೇ ಕಾಲದ ತತ್ತ್ವಜ್ಞಾನಿಗೆ ಮಾತು ತಪ್ಪುವುದು ಮನುಷ್ಯನ ಘನತೆಗೆ ಒಪ್ಪದ ಕೆಲಸ. ನಿಯಮ ಒಂದೇ, ಕಾರಣ ಮೂರು. ನೀತಿಯ ಯಾವ ನಿಯಮಕ್ಕೂ ಕಾರಣ ಕೇಳಬಹುದು, ಹುಟ್ಟಿನಿಂದಲೇ ಬಂದಿದ್ದರೆ ಹಾಗೆ ಕೇಳುವುದೇ ತಮಾಷೆಯಾಗುತ್ತಿತ್ತು ಅನ್ನುವುದು ಲಾಕ್‌ನ ವಾದ.

ಇದೇ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದರೆ ದೇವರ ಹೆಸರು ಬರುವುದು ಕಡಿಮೆ. 'ನಾಲ್ಕು ಜನ ಏನಂತಾರೆ' ಅನ್ನುವುದೇ ಜಾಸ್ತಿ. ಅದಕ್ಕೂ ಲಾಕ್‌ನಲ್ಲಿ ಜಾಗ ಇದೆ. ಪ್ರಬಂಧದ ಎರಡನೇ ಭಾಗದಲ್ಲಿ ಅವನು ದೇವರ ಕಾನೂನು, ರಾಜ್ಯದ ಕಾನೂನು, ಜನಾಭಿಪ್ರಾಯದ ಕಾನೂನು ಎಂದು ಮೂರನ್ನು ಹೇಳುತ್ತಾನೆ. ತನ್ನವರ ತಿರಸ್ಕಾರವನ್ನು ಸದಾ ತಡೆದುಕೊಂಡು ಬದುಕುವ ಗಟ್ಟಿಗ ಹತ್ತು ಸಾವಿರಕ್ಕೆ ಒಬ್ಬನೂ ಸಿಗುವುದಿಲ್ಲವಂತೆ! ಹಾಗಾದರೆ ಜನ ಹೊಗಳಿದ್ದೇ ಒಳ್ಳೆಯದಾ? 1690ರಲ್ಲಿ ಗೆಳೆಯ ಜೇಮ್ಸ್ ಟಿರೆಲ್ ಆಕ್ಸ್‌ಫರ್ಡಿನವರ ಇಂಥದ್ದೇ ಆಕ್ಷೇಪವನ್ನು ಬರೆದು ತಿಳಿಸಿದ. ಲಾಕ್‌ಗೆ ಸಿಟ್ಟು ಬಂತು.

ವಿದ್ಯಾರ್ಥಿಗಳ ಆ ಮೊದಲಿನ ಪ್ರಶ್ನೆಗೆ ಉತ್ತರ ಸಿಗುವುದು ಅದೇ ಮೂರನೇ ಅಧ್ಯಾಯದ 13ನೇ ಪರಿಚ್ಛೇದದಲ್ಲಿ. ಮನಸ್ಸಿನಲ್ಲಿ ಮೊದಲೇ ಅಚ್ಚಾಗಿರುವ ಕಾನೂನು ಬೇರೆ, ಈಗ ಗೊತ್ತಿಲ್ಲದಿದ್ದರೂ ಬುದ್ಧಿ ಓಡಿಸಿ ತಿಳಿಯಬಹುದಾದ ನೈಸರ್ಗಿಕ ಕಾನೂನು ಬೇರೆ ಎಂದು ಅವನೇ ಬಿಡಿಸಿ ಹೇಳುತ್ತಾನೆ. ಆ ಬುದ್ಧಿ ಓಡುವ ದಾರಿ ಯಾವುದು ಅಂತ ನೋಡಲು ಅವನ ಹಳೆಯ ಲ್ಯಾಟಿನ್ ಪ್ರಬಂಧಗಳಿಗೆ ಹೋಗುತ್ತೇನೆ. 1660ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ಬರೆದವು, ಅಚ್ಚಾದದ್ದು 1954ರಲ್ಲಿ. ಕಣ್ಣು, ಕಿವಿ ಈ ಜಗತ್ತನ್ನು ತಂದುಕೊಡುತ್ತವೆ. ಅದರ ವ್ಯವಸ್ಥೆ ನೋಡಿ ಬುದ್ಧಿ ಸೃಷ್ಟಿಕರ್ತನನ್ನು ಊಹಿಸುತ್ತದೆ. ಅವನಿಗೊಂದು ಇಚ್ಛೆ ಇರಬೇಕು, ಅದಕ್ಕೆ ನಾವು ಬದ್ಧರು. ತಿಳಿವಳಿಕೆಯೆಲ್ಲ ಅನುಭವದಿಂದಲೇ ಶುರು ಅನ್ನುವ ಅನುಭವವಾದಿಯ ಏಣಿ ಇದು. ಕೊನೆಯ ಮೆಟ್ಟಿಲು ಅಲುಗಾಡುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ನೀತಿಯನ್ನು ಗಣಿತದಂತೆ ಸಾಧಿಸಿ ತೋರಿಸಬಹುದು ಎಂದೂ ಲಾಕ್ ಹೇಳಿದ್ದ. ಹಾಗಾದರೆ ಬರೆದುಕೊಡು ಎಂದು ಡಬ್ಲಿನ್‌ನ ಗೆಳೆಯ ಮಾಲಿನೋ ಬೆನ್ನು ಬಿದ್ದ. 1696ರಲ್ಲಿ ಲಾಕ್ ಕೊಟ್ಟ ಉತ್ತರ: ಬೈಬಲ್ಲಿನ ಸುವಾರ್ತೆಯಲ್ಲೇ ಎಲ್ಲಾ ಇದೆ. ಸುಮ್ನೆ ಜಾರಿಕೊಂಡ ಹಾಗೆ ಕಾಣುತ್ತದೆ, ಅಲ್ವಾ?

ಇಲ್ಲಿಂದ ಹದಿನೆಂಟನೇ ಶತಮಾನದ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್‌ಗೆ ದಾಟುತ್ತೇನೆ. ನ್ಯಾಯದ ನಿಯಮಗಳನ್ನು ಯಾರೂ ಮೇಲಿನಿಂದ ಕೊಟ್ಟಿಲ್ಲ ಅನ್ನುತ್ತಾನೆ ಅವನು. ದೋಣಿಯಲ್ಲಿ ಕೂತ ಇಬ್ಬರು ಯಾವ ಮಾತೂ ಕೊಡದೆ ಒಟ್ಟಿಗೆ ಹುಟ್ಟು ಹಾಕುತ್ತಾರೆ. ನ್ಯಾಯವೂ ಹಾಗೇ ರೂಢಿಯಿಂದ ಬೆಳೆಯಿತು. ಆದರೂ ಆ ನಿಯಮಗಳನ್ನು ನೈಸರ್ಗಿಕ ಕಾನೂನು ಎಂದು ಕರೆಯಲು ಅವನ ಅಡ್ಡಿಯಿಲ್ಲ. ಬೋರ್ಡಿನ ಮೊದಲೆರಡು ಪ್ರಶ್ನೆಗೆ ಇದು ಚೆನ್ನಾಗಿ ಹೊಂದುತ್ತದೆ. ಮೂರನೆಯದರಲ್ಲಿ ಹ್ಯೂಮ್‌ಗೂ ಕಷ್ಟ. 1751ರ ಪುಸ್ತಕದಲ್ಲಿ ಒಬ್ಬ ಜಾಣ ಕಳ್ಳ ಬರುತ್ತಾನೆ: ಎಲ್ಲರೂ ನಿಯಮ ಪಾಲಿಸಲಿ, ಸಿಕ್ಕಿಬೀಳದಂತಿದ್ದರೆ ನಾನು ಮಾತ್ರ ಮುರಿಯುತ್ತೇನೆ. ಇದಕ್ಕೆ ಉತ್ತರ ಬೇಕೇ ಬೇಕು ಅನ್ನುವವನಿಗೆ ಒಪ್ಪಿಗೆಯಾಗುವಂಥದ್ದನ್ನು ಹುಡುಕುವುದು ಕಷ್ಟ ಎಂದು ಹ್ಯೂಮ್ ಒಪ್ಪಿಕೊಳ್ಳುತ್ತಾನೆ. ಈ ಪುಟಕ್ಕೆ ಬಂದಾಗ ತರಗತಿಯಲ್ಲಿ ಕೆಲವರು ದೇವರ ಕಡೆ ವಾಲುತ್ತಾರೆ, ಕೆಲವರು ಪೊಲೀಸರ ಕಡೆ. ನಾನು ನಡುವೆ ಬಾಯಿ ಹಾಕುವುದಿಲ್ಲ.