ಮುಂಭಾಗದ ಒಂದೇ ಬದಿಗೆ ಡಿಕ್ಕಿಯಾದರೆ: ಕಾರು ಕೊಳ್ಳುವಾಗ, ಕೂರುವಾಗ ಏನು ನೋಡಬೇಕು?

ಚೆರ್ಕಳ–ಜಾಲ್ಸೂರು ರಸ್ತೆಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದರೆ ಸ್ಟೀರಿಂಗ್ ಎಡಕ್ಕೆ ಎಳೆಯುತ್ತೇವೆ ಅಲ್ವಾ, ಹಾಗಾಗಿ ತಾಗಿದರೂ ಮುಂಭಾಗ ಪೂರ್ತಿ ತಾಗುವುದಿಲ್ಲ, ಡ್ರೈವರ್ ಬದಿ ಮಾತ್ರ. ಅಪಾಯ ಇರುವುದು ಅಲ್ಲೇ. ಇಡೀ ಮುಂಭಾಗ ಹಂಚಿಕೊಳ್ಳಬೇಕಾದ ಹೊಡೆತ ಒಂದೇ ಕಡೆ ಬಿದ್ದು, ಡ್ಯಾಶ್‌ಬೋರ್ಡ್, ಪೆಡಲ್ ಎಲ್ಲಾ ಒಳಗೆ ನುಗ್ಗಬಹುದು.

ಕಾರು ಕೊಳ್ಳುವ ಮೊದಲು, ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಸರ್ಕಾರಿ ಪರೀಕ್ಷೆಯಾದ ಭಾರತ್ ಎನ್‌ಕ್ಯಾಪ್ ಫಲಿತಾಂಶ ನೋಡಿ. 2023ರಲ್ಲಿ ಶುರುವಾದ ಈ ಪರೀಕ್ಷೆಯಲ್ಲಿ ಕಾರಿನ ಅಗಲದ 40% ಭಾಗವನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಜಜ್ಜಿಹೋಗುವಂಥ ತಡೆಗೆ ಗುದ್ದಿಸುತ್ತಾರೆ. ಸುಮ್ನೆ ಸ್ಟಾರ್ ಎಣಿಸಬೇಡಿ, ದೊಡ್ಡವರಿಗೂ ಮಕ್ಕಳಿಗೂ ಬೇರೆ ಬೇರೆ ಅಂಕ ಇರುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ 2012ರಿಂದ ಬರೀ 25% ಅಗಲದ ಪರೀಕ್ಷೆಯನ್ನೂ ಮಾಡುತ್ತಿದೆ. ಅದರಲ್ಲಿ ಪೆಟ್ಟು ಹೀರುವ ಮುಖ್ಯ ಕಂಬಿಯ ಹೊರಗೇ ಹೊಡೆತ ಬೀಳುವುದರಿಂದ ಚಕ್ರವೇ ಕಾಲಿನ ಕಡೆಗೆ ಬರಬಹುದು.

ಇನ್ನು ಕೂರುವುದು. ಸ್ಟೀರಿಂಗ್ ನಡುವಿನಿಂದ ಎದೆಗೆ ಕನಿಷ್ಠ 25 ಸೆ.ಮೀ. ಬಿಡಿ. ಬೆಲ್ಟಿನ ಕೆಳಪಟ್ಟಿ ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲಿರಲಿ. ಡ್ಯಾಶ್‌ಬೋರ್ಡ್ ಮೇಲೆ ಕಾಲು ಚಾಚುವ ಭಾವನಿಗೂ ಹೇಳಿ (ಕೇಳಿದರೆ!). ಚಂದಕ್ಕೆಂದು ಬಂಪರ್ ಮುಂದೆ ಲೋಹದ ಕಂಬಿ, ಅಂದರೆ ಬುಲ್‌ ಬಾರ್ ಹಾಕಿಸಿದ್ದರೆ ತೆಗೆಸಿಬಿಡಿ, ಜಜ್ಜಿ ಹೊಡೆತ ಹೀರಬೇಕಾದ ಭಾಗಕ್ಕೇ ಅದು ಅಡ್ಡ ಬರುತ್ತದೆ.