ಮಳೆ ರಜೆಯಲ್ಲಿ ಮೊಬೈಲ್ ಕೊಡುವುದಾದರೆ ಓದಲಿಕ್ಕೆ ಕೊಡಿ

ಜೂನ್, ಜುಲೈ ಬಂತೆಂದರೆ ಮಂಗಳೂರು, ಉಡುಪಿ ಕಡೆಯ ಮಕ್ಕಳಿಗೆ ಒಂದೇ ಪ್ರಶ್ನೆ: ನಾಳೆ ಡಿಸಿ ರಜೆ ಕೊಡ್ತಾರಾ? ರಜೆ ಸಿಕ್ಕಿತೋ, ಮೊಬೈಲ್ ಕೈಗೆ ಬರುತ್ತದೆ. ಹೊರಗೆ ಆಡುವ ಹಾಗಿಲ್ಲ, ದೊಡ್ಡವರಿಗೆ ಕೆಲಸ, ಕೊಡದೆ ಎಂತ ಮಾಡುವುದು? ಹಾಗಾಗಿ ಮೊಬೈಲ್ ಕೊಡಲೇಬೇಡಿ ಅಂತ ನಾನು ಹೇಳುವುದಿಲ್ಲ. ಅದರಲ್ಲೇ ಮಗುವಿಗೆ ಕನ್ನಡ ಓದು, ಬರಹ ಹಿಡಿಸುವುದು ಹೇಗೆ ಅಂತ ಹೇಳುತ್ತೇನೆ. ನಮ್ಮ ಊರಿಗೆ ಇದು ಜಾಸ್ತಿ ಬೇಕು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷ್, ಇವೆರಡರ ನಡುವೆ ಕನ್ನಡಕ್ಕೆ ಸಿಗುವುದು ಕೆಲವೇ ಪಿರಿಯಡ್. ಎಷ್ಟೋ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಬಸ್ಸಿನ ಬೋರ್ಡ್ ಓದಲು ತಡವರಿಸುತ್ತಾರೆ.

ಏನನ್ನೇ ಆರಿಸುವಾಗಲೂ ಎರಡು ವಿಷಯ ನೋಡಿಕೊಳ್ಳಿ. ತೆರೆಯ ಮೇಲೆ ಅಕ್ಷರ ಇದೆಯಾ? ಮಗುವಿನ ಬಾಯಿಗೋ ಬೆರಳಿಗೋ ಕೆಲಸ ಇದೆಯಾ? ಎರಡೂ ಇಲ್ಲದಿದ್ದರೆ ವಿಡಿಯೋ ಎಷ್ಟೇ ಚೆನ್ನಾಗಿರಲಿ, ಅದರಿಂದ ಓದು ಬರುವುದಿಲ್ಲ.

ಮಳೆ ಜೋರಾಗುವ ಮೊದಲೇ ಬೇಕಾದದ್ದನ್ನು ಇಳಿಸಿಟ್ಟುಕೊಳ್ಳಿ. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ವೈಫೈ ಇಲ್ಲ, ಟವರ್ ಕೂಡ ಕೈಕೊಡುತ್ತದೆ. ಶುರು ಮಾಡಲಿಕ್ಕೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಒಳ್ಳೆಯದು. 2015ರಲ್ಲಿ ಶುರುವಾದ ತಾಣ ಅದು, ಕನ್ನಡದಲ್ಲಿ ಬೇಕಾದಷ್ಟು ಚಿತ್ರಕಥೆಗಳಿವೆ, ಎಲ್ಲವೂ ಉಚಿತ, ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಳ್ಳಬಹುದು, ಪ್ರಿಂಟ್ ತೆಗೆದು ನೆರೆಮನೆಯ ಮಗುವಿಗೂ ಕೊಡಬಹುದು. ಕಥೆಗಳನ್ನು 1ರಿಂದ 4ರವರೆಗೆ ಹಂತ ಮಾಡಿಟ್ಟಿದ್ದಾರೆ. ಮಗು ಐದನೇ ಕ್ಲಾಸಿನಲ್ಲಿದೆ ಅಂತ ನೇರ 4ಕ್ಕೆ ಹೋಗಬೇಡಿ. ಒಂದು ಪುಟ ಓದಿಸಿ ನೋಡಿ. ಸಾಲುಸಾಲಿಗೂ ಮುಗ್ಗರಿಸಿದರೆ ಒಂದು ಹಂತ ಕೆಳಗೆ ಬನ್ನಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಅದನ್ನು ಮಗುವಿಗೂ ಹೇಳಿ. ಜೋರಾಗಿ ಓದಲಿ. ಅದನ್ನು ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ಅಜ್ಜಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ಕೇಳುವವರಿದ್ದಾರೆ ಅಂತ ಗೊತ್ತಾದರೆ ಮಗು ತಾನಾಗಿಯೇ ಇನ್ನೊಮ್ಮೆ ಓದಿ ಸರಿ ಮಾಡಿಕೊಳ್ಳುತ್ತದೆ.

ಈಗ ನನಗೆ ತುಂಬ ಇಷ್ಟದ ದಾರಿ. ಅಹಮದಾಬಾದಿನ ಐಐಎಂನಲ್ಲಿದ್ದ ಬ್ರಿಜ್ ಕೊಠಾರಿ 1996ರಲ್ಲಿ ಒಂದು ಸರಳ ಯೋಚನೆ ಮುಂದಿಟ್ಟರು. ಟಿವಿಯಲ್ಲಿ ಹಾಡು ಬರುವಾಗ ಅದೇ ಹಾಡಿನ ಸಾಲನ್ನು ಅದೇ ಭಾಷೆಯಲ್ಲಿ ಕೆಳಗೆ ತೋರಿಸಿದರೆ, ಅಲ್ಪಸ್ವಲ್ಪ ಅಕ್ಷರ ಬಲ್ಲವರು ಗೊತ್ತಿಲ್ಲದ ಹಾಗೆಯೇ ಓದುತ್ತಾ ಹೋಗುತ್ತಾರೆ. ಕಿವಿಗೆ ಬಿದ್ದದ್ದೇ ಕಣ್ಣಿಗೂ ಬೀಳುತ್ತದಲ್ವಾ! ಇದಕ್ಕೆ ನಮ್ಮಲ್ಲಿ ಯಕ್ಷಗಾನಕ್ಕಿಂತ ಒಳ್ಳೆಯದು ಯಾವುದಿದೆ ಮಾರಾಯ್ರೆ? ಹಳೆಯ ಪ್ರಸಂಗ ಪುಸ್ತಕಗಳು, ಅಂದರೆ ಆಟದ ಕಥೆಯ ಪದ್ಯಗಳಿರುವ ಪುಸ್ತಕಗಳು, ಪಿಡಿಎಫ್ ಆಗಿ ಸಿಗುತ್ತವೆ, ಅದೇ ಪ್ರಸಂಗದ ಪದ್ಯಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಮಗುವಿಗೆ ಕಥೆ ಗೊತ್ತಿರುವ ರಾಮಾಯಣದ್ದೋ ಕೃಷ್ಣನದ್ದೋ ಒಂದು ಪದ್ಯ ಆರಿಸಿ. ಒಂದು ಮೊಬೈಲಿನಲ್ಲಿ ಪದ್ಯ ಹಾಕಿ, ಇನ್ನೊಂದರಲ್ಲಿ ಸಾಲು ತೆರೆಯಿರಿ, ಮಗು ಬೆರಳಿಟ್ಟು ಹಿಂಬಾಲಿಸಲಿ. ಪದ್ಯ ಹಾಡುವ ಭಾಗವತರು ಒಂದೊಂದು ಸಾಲನ್ನೂ ಎಳೆದು, ತಿರುಗಿಸಿ ಹಾಡುತ್ತಾರೆ, ಹಾಗಾಗಿ ಕಣ್ಣಿಗೆ ಸಾಲು ಹಿಡಿಯಲು ಸಮಯ ಸಿಗುತ್ತದೆ. ಪದ್ಯದ ತಲೆಯಲ್ಲಿ ರಾಗ, ತಾಳದ ಹೆಸರಿರುತ್ತದೆ, ಅದನ್ನೂ ಓದಿಸಿ. ಹಳೆಗಾಲದ ಶಬ್ದ ಬಂದರೆ ಅರ್ಥಕ್ಕೆ ಅಲ್ಲೇ ನಿಲ್ಲಬೇಡಿ, ಪದ್ಯ ಮುಗಿದ ಮೇಲೆ ಹುಡುಕಿ. ಅಲರ್ ಅಂತ ಒಂದು ಉಚಿತ ಕನ್ನಡ-ಇಂಗ್ಲಿಷ್ ನಿಘಂಟು ತಾಣ ಇದೆ, ವಿ. ಕೃಷ್ಣ ಎಂಬವರು ಎಷ್ಟೋ ವರ್ಷ ಕೂತು ಮಾಡಿದ್ದು. ಅಲ್ಲಿ ಸಿಗದಿದ್ದರೆ ಕಿಟೆಲರ ನಿಘಂಟು ನೋಡಿ. 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಆ ದಪ್ಪ ಪುಸ್ತಕದ ಪುಟಗಳು ಇವತ್ತು ಮೊಬೈಲಿನಲ್ಲೇ ತೆರೆಯುತ್ತವೆ.

ಬರೆಯಲು ಕಲಿಸುವಾಗ ಕೀಬೋರ್ಡಿನ ಬಗ್ಗೆ ಜಾಗ್ರತೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಪದ ತಾನಾಗಿ ಮೂಡುವ ಕೀಬೋರ್ಡ್ ದೊಡ್ಡವರಿಗೆ ಸುಲಭ. ಆದರೆ ಕಲಿಯುವ ಮಗುವಿಗೆ ಅದು ಬೇಡ. ಕನ್ನಡ ಅಕ್ಷರಗಳೇ ಕಾಣುವ ಕೀಬೋರ್ಡ್ ಹಾಕಿ, ಪದ ಸೂಚಿಸುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ. ಆಗ ‘ಅಕ್ಕ’ ಬರೆಯಲು ಅ, ಕ, ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ (‘ಕ್’ನಲ್ಲಿ ಇರುವಂಥದ್ದು), ಮತ್ತೆ ಕ ಅಂತ ಬಿಡಿಸಿ ಒತ್ತಬೇಕಾಗುತ್ತದೆ. ಒತ್ತಕ್ಷರ ಹೇಗೆ ಹುಟ್ಟುತ್ತದೆ ಅಂತ ಬೆರಳಿಗೇ ಗೊತ್ತಾಗುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಕೆ.ಪಿ. ರಾವ್ ವಿನ್ಯಾಸದ ಕೀಬೋರ್ಡಿನಲ್ಲಿ ಕಲಿಸಿ. ಅಲ್ಲಿ ‘ಕ್ಕ’ ಬೇಕಾದರೆ ಕೆ, ಎಫ್, ಕೆ ಒತ್ತಬೇಕು, ಎಫ್ ಅಂದರೆ ಆ ಅರ್ಧ ಮಾಡುವ ಚಿಹ್ನೆ. ಅದನ್ನು ರೂಪಿಸಿದ ರಾವ್ ಮಂಗಳೂರು ಹತ್ತಿರದ ನಮ್ಮ ಕಿನ್ನಿಕಂಬಳದವರು ಅಂತಲೂ ಮಗುವಿಗೆ ಹೇಳಿ, ಹೆಮ್ಮೆ ಪಡಲಿ. ಹಾಗಂತ ಕೈಬರಹ ಬಿಡಿಸಬೇಡಿ, ಒತ್ತಿದ ಸಾಲನ್ನು ಪುಸ್ತಕದಲ್ಲಿ ಒಮ್ಮೆ ಬರೆಯಲೇಬೇಕು.

ಮಾತಾಡಿದರೆ ಮೊಬೈಲೇ ಬರೆದುಕೊಡುತ್ತದಲ್ಲ, ಅದನ್ನೂ ಉಪಯೋಗಿಸಬಹುದು, ಆದರೆ ತಿರುಗಿಸಿ. ಮಗು ಕನ್ನಡದಲ್ಲಿ ನಾಲ್ಕು ಸಾಲು ಹೇಳಲಿ, ಮೊಬೈಲ್ ಬರೆದದ್ದರಲ್ಲಿ ತಪ್ಪು ಹುಡುಕಿ ತಿದ್ದಲಿ. ನಮ್ಮ ಊರಿನ, ಮೀನಿನ, ದೈವದ ಹೆಸರುಗಳನ್ನು ಹೇಳಿಸಿದರೆ ತಿದ್ದಲಿಕ್ಕೆ ಚೆನ್ನಾಗಿ ಸಿಗುತ್ತದೆ. ತಿದ್ದುವ ಮಗು ಪ್ರತಿ ಅಕ್ಷರವನ್ನೂ ನೋಡಲೇಬೇಕು.

ಮನೆಮಾತು ತುಳು ಆದರೆ ಅದನ್ನು ಹೊರಗಿಡಬೇಡಿ. ಅಜ್ಜಿ ಹೇಳಿದ ಗಾದೆ, ಅಡುಗೆ, ಕಥೆ ಏನೇ ಇರಲಿ, ಮಗು ಅದನ್ನು ತುಳುವಿನಲ್ಲೇ ಕನ್ನಡ ಲಿಪಿಯಲ್ಲಿ ಬರೆಯಲಿ. ಗೊತ್ತಿರುವ ಮಾತನ್ನು ಬರೆಯುವಾಗ ಅಕ್ಷರದ ಮೇಲೆ ಮಾತ್ರ ಗಮನ ಇಟ್ಟರೆ ಸಾಕು. 2016ರಿಂದ ತುಳು ವಿಕಿಪೀಡಿಯ ಇದೆ, ಅದರ ಚಿಕ್ಕ ಲೇಖನಗಳನ್ನು ಓದಿಸಬಹುದು. 2024ರಲ್ಲಿ ಗೂಗಲ್ ಅನುವಾದಕ್ಕೂ ತುಳು ಸೇರಿತು. ಅದು ಕೊಟ್ಟ ತುಳುವನ್ನು ಮಗು ಅಜ್ಜಿಗೆ ಓದಿ ಹೇಳಲಿ, ಸರಿಯೋ ತಪ್ಪೋ ಅಜ್ಜಿ ತೀರ್ಪು ಕೊಡಲಿ.

ಪಾಠದ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದ್ದರೆ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಮೊದಲು ಪಾಠ ಓದಿಸಿ, ಆಮೇಲೆ ವಿಡಿಯೋ ತೋರಿಸಿ.

ಮನೆಯಲ್ಲಿ ಒಂದೇ ಮೊಬೈಲ್ ಇದ್ದು ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತದೆ ಅಂತಾದರೆ, ಹಿಂದಿನ ರಾತ್ರಿಯೇ ಎರಡು ಕಥೆ ಆರಿಸಿ ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಡಿ, ಕಪ್ಪು ಬಿಳುಪು ಸಾಕು. ಗ್ರಾಮ ಪಂಚಾಯತ್ ಗ್ರಂಥಾಲಯದಲ್ಲೂ ವಿಚಾರಿಸಿ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು, ಮಕ್ಕಳಿಗೆ ಸದಸ್ಯತ್ವ ಉಚಿತ. ಕಂಪ್ಯೂಟರ್ ಇದೆಯಾ, ಮಕ್ಕಳಿಗೆ ಕೂರಲು ಯಾವ ಹೊತ್ತು ಒಳ್ಳೆಯದು ಅಂತ ಅಲ್ಲಿನವರನ್ನೇ ಕೇಳಿ, ಮಳೆ ಬಿಟ್ಟ ದಿನ ಮಗುವನ್ನು ಕರೆದುಕೊಂಡು ಹೋಗಿ.